ಉಳುಕಿದ ಕಾಲು: ಬೆರಳು ಎಲ್ಲಿ ಒತ್ತಬೇಕು, ಆಮೇಲೆ ಏನು ಮಾಡಿಸಬೇಕು

ಪಿಯುಸಿಯಲ್ಲಿದ್ದಾಗ ವಾಲಿಬಾಲ್‌ನಲ್ಲಿ ಬ್ಲಾಕ್ ಮಾಡಲು ಹಾರಿದೆ. ಇಳಿದದ್ದು ನೆಲದ ಮೇಲಲ್ಲ, ಎದುರು ತಂಡದವನ ಪಾದದ ಮೇಲೆ. ನನ್ನ ಪಾದ ಒಳಕ್ಕೆ ಮಗುಚಿತು. ಹತ್ತು ನಿಮಿಷದಲ್ಲಿ ಹೊರಗಿನ ಗಿಣ್ಣಿನ ಮುಂದೆ ಕೋಳಿಮೊಟ್ಟೆಯಷ್ಟು ಊತ. ಮನೆಗೆ ಬಂದ ಕೂಡಲೇ ಪಕ್ಕದ ಮನೆಯ ಅಜ್ಜಿ ಬಿಸಿ ಎಣ್ಣೆ ಹಚ್ಚಿ ಗಟ್ಟಿಯಾಗಿ ನೀವಿದರು. ಬೆಳಿಗ್ಗೆ ಎದ್ದರೆ ಬೆರಳಿನ ತನಕ ನೀಲಿ. ಎರಡು ವಾರಕ್ಕೆ ನೋವು ಹೋಯಿತು, ಕಾಲು ಸರಿಹೋಯಿತು ಅಂದುಕೊಂಡೆ. ಅದೇ ವರ್ಷ ಅದೇ ಕಾಲು ಇನ್ನೂ ಮೂರು ಸಲ ಉಳುಕಿತು. ಒಂದು ಸಲವಂತೂ ಸುಮ್ನೆ ಬಸ್ಸಿನಿಂದ ಇಳಿಯುವಾಗ! ನೋವು ಹೋಗುವುದು ಬೇರೆ, ಕಾಲು ವಾಸಿಯಾಗುವುದು ಬೇರೆ ಅನ್ನೋದು ಅರ್ಥವಾದದ್ದು ಫಿಸಿಯೋಥೆರಪಿ ಓದಲು ಸೇರಿದ ಮೇಲೆ.

ಹೊರಗಡೆಯೇ ಯಾಕೆ?

ಫಿಸಿಯೋಥೆರಪಿ ಓದುತ್ತಿರುವವರೇ, ಪುಸ್ತಕ ಮುಚ್ಚಿಟ್ಟು ನಿಮ್ಮ ಕಾಲನ್ನೇ ಮುಟ್ಟಿ ನೋಡಿ. ಒಳಗಿನ ಗಿಣ್ಣಿಗಿಂತ ಹೊರಗಿನ ಗಿಣ್ಣು ಕೆಳಕ್ಕೆ ಇಳಿದಿದೆ, ಸ್ವಲ್ಪ ಹಿಂದಕ್ಕೂ ಇದೆ. ಹಾಗಾಗಿ ಪಾದ ಹೊರಕ್ಕೆ ಮಗುಚಲು ಹೋದರೆ ಮೂಳೆಯೇ ಅಡ್ಡ ಬರುತ್ತದೆ. ಒಳಗಡೆ ಡೆಲ್ಟಾಯ್ಡ್ ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟುವ ಪಟ್ಟಿ) ಬೇರೆ, ಹಗ್ಗದ ಹಾಗೆ ಗಟ್ಟಿ. ಪಾದ ಒಳಕ್ಕೆ ಮಗುಚುವಾಗ ಇಷ್ಟು ತಡೆ ಇಲ್ಲ.

ಇನ್ನೊಂದು ವಿಷಯ. ಹಿಮ್ಮಡಿ ಮೂಳೆಯ ಮೇಲೆ ಕೂತಿರುವ ಟೇಲಸ್ ಮೂಳೆಯ ಮೇಲ್ಭಾಗ ಮುಂದೆ ಅಗಲ, ಹಿಂದೆ ಕಿರಿದು. ಪಾದ ಮೇಲಕ್ಕೆ ಎತ್ತಿದಾಗ ಅಗಲದ ಭಾಗ ಎರಡು ಗಿಣ್ಣುಗಳ ನಡುವೆ ಬಿಗಿಯಾಗಿ ಕೂರುತ್ತದೆ. ತುದಿಗಾಲಲ್ಲಿ ನಿಂತಾಗ ಕಿರಿದಾದ ಭಾಗ ಬಂದು ಕೂರುತ್ತದೆ, ಕೀಲು ಸಡಿಲ. ಮೆಟ್ಟಿಲು ಇಳಿಯುವಾಗ, ಹಾರಿ ಇಳಿಯುವಾಗ, ಹೈ ಹೀಲ್ಸ್ ಹಾಕಿದಾಗ ಉಳುಕುವುದು ಇದಕ್ಕೇ. ಆ ಭಂಗಿಯಲ್ಲಿ ಎಳೆತಕ್ಕೆ ಸಿಗುವುದು ಹೊರಗಿನ ಗಿಣ್ಣನ್ನು ಮುಂದೆ ಟೇಲಸ್‌ಗೆ ಕಟ್ಟುವ ಆಂಟೀರಿಯರ್ ಟೇಲೋಫಿಬ್ಯುಲರ್ ಲಿಗಮೆಂಟ್, ಅಂದರೆ ಎಟಿಎಫ್‌ಎಲ್. ಹೊರಗಿನ ಮೂರು ಲಿಗಮೆಂಟ್‌ಗಳಲ್ಲಿ ಇದೇ ದುರ್ಬಲ, ಮೊದಲು ಹರಿಯುವುದೂ ಇದೇ. ಏಟು ಜಾಸ್ತಿಯಾದರೆ ಗಿಣ್ಣನ್ನು ಹಿಮ್ಮಡಿ ಮೂಳೆಗೆ ಕಟ್ಟುವ ಕ್ಯಾಲ್ಕೇನಿಯೋಫಿಬ್ಯುಲರ್. ಹಿಂದಿನದು ಹರಿಯುವುದು ಅಪರೂಪ.

ಮೊದಲ ದಿನದ ಪ್ರಶ್ನೆ: ಮೂಳೆ ಮುರಿದಿದೆಯೇ?

ಉಳುಕಿದವರಿಗೆಲ್ಲ ಎಕ್ಸ್‌ರೇ ಬೇಕಿಲ್ಲ. ಕೆನಡಾದ ಒಟ್ಟಾವಾದಲ್ಲಿ ವೈದ್ಯ ಇಯಾನ್ ಸ್ಟೀಲ್ ಮತ್ತು ಜೊತೆಗಾರರು 1992ರಲ್ಲಿ ಪ್ರಕಟಿಸಿದ ನಿಯಮಗಳು ಇಂದಿಗೂ ನಮ್ಮ ಕೈಹಿಡಿಯುತ್ತವೆ. ಗಿಣ್ಣಿನ ಸುತ್ತ ನೋವಿದ್ದು, ಯಾವುದೇ ಗಿಣ್ಣಿನ ತುದಿ ಅಥವಾ ಹಿಂದಿನ ಅಂಚಿನ ಕೊನೆಯ 6 ಸೆಂ.ಮೀ. ಭಾಗ ಒತ್ತಿದಾಗ ನೋವಾದರೆ ಎಕ್ಸ್‌ರೇ. ಪಾದದ ನಡುಭಾಗದಲ್ಲಿ ನೋವಿದ್ದು, ಐದನೇ ಮೆಟಟಾರ್ಸಲ್‌ನ (ಕಿರುಬೆರಳಿನ ಹಿಂದಿನ ಉದ್ದ ಮೂಳೆ) ಬುಡ ಅಥವಾ ನ್ಯಾವಿಕ್ಯುಲರ್ (ಪಾದದ ಒಳಬದಿಯ ಮೂಳೆ) ಒತ್ತಿದಾಗ ನೋವಾದರೂ ಎಕ್ಸ್‌ರೇ. ಬಿದ್ದ ತಕ್ಷಣವೂ, ಪರೀಕ್ಷೆಯ ಹೊತ್ತಿಗೂ ನಾಲ್ಕು ಹೆಜ್ಜೆ ಇಡಲು ಆಗದಿದ್ದರೂ ಎಕ್ಸ್‌ರೇ.

ವೈವಾದಲ್ಲಿ (ಮೌಖಿಕ ಪರೀಕ್ಷೆ) ಎಡವುವುದು ಇಲ್ಲಿ: ಕುಂಟುತ್ತಾ ನಡೆದರೂ ನಡೆದ ಹಾಗೇ ಲೆಕ್ಕ. ಇನ್ನೊಂದು, ಒತ್ತಬೇಕಾದ್ದು ಗಿಣ್ಣಿನ ಹಿಂದಿನ ಅಂಚನ್ನು, ಮುಂಭಾಗವನ್ನಲ್ಲ. ಮುಂದೆ ಎಟಿಎಫ್‌ಎಲ್ ಇದೆ, ಅದು ಹೇಗೂ ನೋಯುತ್ತದೆ. ಅಲ್ಲಿ ಒತ್ತಿ ‘ಅಯ್ಯೋ’ ಅನ್ನಿಸಿದರೆ ಎಲ್ಲರಿಗೂ ಎಕ್ಸ್‌ರೇ ಬರೆಯಬೇಕಾಗುತ್ತದೆ, ಅಲ್ವಾ? ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು, ಕುಡಿದು ಬಂದವರು, ಬೇರೆ ಕಡೆ ದೊಡ್ಡ ಪೆಟ್ಟಾದವರು ಹೇಳುವ ‘ನೋವಿಲ್ಲ’ವನ್ನು ನಂಬಿ ಈ ನಿಯಮ ಹಾಕಬಾರದು.

ಐದನೇ ಮೆಟಟಾರ್ಸಲ್ ಅಂದಾಗ ಒಂದು ಕಥೆ. ಲಿವರ್‌ಪೂಲ್‌ನ ಸರ್ಜನ್ ರಾಬರ್ಟ್ ಜೋನ್ಸ್ ಡ್ಯಾನ್ಸ್ ಮಾಡುವಾಗ ತನ್ನದೇ ಪಾದ ಮುರಿದುಕೊಂಡರು. 1902ರಲ್ಲಿ ಅದನ್ನೇ ಬರೆದು ಪ್ರಕಟಿಸಿದರು. ಜೋನ್ಸ್ ಫ್ರ್ಯಾಕ್ಚರ್ ಹೆಸರು ಬಂದದ್ದು ಹಾಗೆ. ಬುಡದ ತುದಿ ಕಿತ್ತು ಬರುವ ಮುರಿತ ಸಾಮಾನ್ಯವಾಗಿ ಚೆನ್ನಾಗಿ ಕೂಡುತ್ತದೆ. ಸ್ವಲ್ಪ ಮುಂದಿರುವ ಜೋನ್ಸ್ ಮುರಿತಕ್ಕೆ ರಕ್ತ ಸಾಲದು, ಕೂಡಲು ಸತಾಯಿಸುತ್ತದೆ.

ಪರೀಕ್ಷೆಯನ್ನು ನೋವಿರುವ ಜಾಗದಿಂದ ಶುರು ಮಾಡಬೇಡಿ. ಮೊಣಕಾಲಿನ ಕೆಳಗಿನಿಂದ ಫಿಬ್ಯುಲಾ (ಕೆಳಗಾಲಿನ ಹೊರಬದಿಯ ತೆಳು ಮೂಳೆ) ಉದ್ದಕ್ಕೂ ಒತ್ತುತ್ತಾ ಬನ್ನಿ. ಮೇಲ್ಗಡೆಯೇ ನೋವಿದ್ದರೆ ಮೇಸನ್ಯೂವ್ ಮುರಿತದ (ಆಂಕಲ್ ಪೆಟ್ಟಿನ ಜೊತೆಗೆ ಫಿಬ್ಯುಲಾ ಮೇಲ್ಗಡೆ ಮುರಿಯುವುದು) ಗುಮಾನಿ. ಕೆಳಗಾಲಿನ ನಡುವೆ ಅದರ ಎರಡು ಮೂಳೆಗಳನ್ನು ಒಟ್ಟಿಗೆ ಹಿಂಡಿದಾಗ ಕೆಳಗೆ ಆಂಕಲ್ ಹತ್ತಿರ ನೋವು ಬಂದರೆ ಅದು ಮೇಲಿನ ಉಳುಕು, ಅಂದರೆ ಆ ಎರಡು ಮೂಳೆಗಳನ್ನು ಕೂಡಿಸುವ ಸಿಂಡೆಸ್ಮೋಸಿಸ್‌ಗೆ ಆದ ಪೆಟ್ಟು. ವಾಸಿಯಾಗಲು ಮಾಮೂಲಿ ಉಳುಕಿಗಿಂತ ಜಾಸ್ತಿ ದಿನ ತೆಗೆದುಕೊಳ್ಳುತ್ತದೆ. ‘ಹಿಂದಿನಿಂದ ಯಾರೋ ಒದ್ದ ಹಾಗಾಯ್ತು, ತಿರುಗಿದರೆ ಯಾರೂ ಇರಲಿಲ್ಲ’ ಅಂದರೆ ಬೋರಲು ಮಲಗಿಸಿ ಮೀನಖಂಡ ಹಿಂಡಿ. ಪಾದ ಅಲುಗದಿದ್ದರೆ ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜು, ಅಕಿಲಿಸ್, ಹರಿದಿದೆ. ಅಂಗಾಲಿನ ನಡುವೆ ನೀಲಿಗಟ್ಟಿದ್ದರೆ ಪಾದದ ನಡುಭಾಗದ ಲಿಸ್‌ಫ್ರಾಂಕ್ ಕೀಲಿನ ಪೆಟ್ಟು ನೆನಪಿರಲಿ.

ಎಟಿಎಫ್‌ಎಲ್ ಹರಿದಿದೆಯೇ ಎಂದು ನೋಡುವ ಆಂಟೀರಿಯರ್ ಡ್ರಾಯರ್ ಪರೀಕ್ಷೆಗೆ ಅವಸರ ಬೇಡ. ಮೊದಲ ದಿನ ಊತ, ನೋವು, ಬಿಗಿಹಿಡಿದ ಸ್ನಾಯು, ಏನೂ ತಿಳಿಯುವುದಿಲ್ಲ. ನಾಲ್ಕೈದು ದಿನ ಬಿಟ್ಟು, ಮೊಣಕಾಲು ಮಡಿಸಿ, ಪಾದ ಸ್ವಲ್ಪ ಕೆಳಕ್ಕೆ ಬಿಟ್ಟು, ಹಿಮ್ಮಡಿ ಹಿಡಿದು ಮುಂದಕ್ಕೆ ಎಳೆಯಿರಿ. ಇನ್ನೊಂದು ಕಾಲಿಗೆ ಹೋಲಿಸಿ.

ಊತ ಇಳಿದ ಮೇಲೆ

ಐಸ್, ವಿಶ್ರಾಂತಿ, ಬಿಗಿಪಟ್ಟಿ, ಕಾಲು ಎತ್ತರದಲ್ಲಿ: 1978ರಲ್ಲಿ ಅಮೆರಿಕದ ಕ್ರೀಡಾ ವೈದ್ಯ ಗೇಬ್ ಮಿರ್ಕಿನ್ ‘ರೈಸ್’ (ರೆಸ್ಟ್, ಐಸ್, ಕಂಪ್ರೆಷನ್, ಎಲಿವೇಶನ್) ಅಂತ ಕರೆದದ್ದು ಇದನ್ನೇ. ಐಸ್ ಮತ್ತು ಪೂರ್ತಿ ವಿಶ್ರಾಂತಿ ವಾಸಿಯಾಗುವುದನ್ನು ತಡಮಾಡಬಹುದು ಎಂದು ಅವರೇ ಆಮೇಲೆ ಮಾತು ಬದಲಿಸಿದರು. ನೋವು ತಡೆಯಲು ಐಸ್ ಇಡಿ, ತಪ್ಪಿಲ್ಲ. ಆದರೆ ಮೂರು ವಾರ ಮಂಚದ ಮೇಲೆ ಕೂರಿಸಬೇಡಿ. ಮುರಿತ ಇಲ್ಲ ಅಂತ ಖಾತ್ರಿಯಾದರೆ ಬ್ರೇಸ್ ಅಥವಾ ಟೇಪ್ ಹಾಕಿ, ನೋವು ತಡೆಯುವಷ್ಟು ಭಾರ ಹಾಕಿಸಿ ನಡೆಸಿ. ಮೊದಲ ದಿನಗಳಲ್ಲಿ ಬಿಸಿ ಎಣ್ಣೆ, ಜೋರು ನೀವುವುದು ಬೇಡ.

ನಮ್ಮ ಕಡೆಯವರಿಗೆ ಎರಡು ಭಂಗಿಗಳನ್ನು ಕೇಳಲೇಬೇಕು. ಚಕ್ಕಳಮಕ್ಕಳ ಹಾಕಿದಾಗ ಪಾದ ಒಳಕ್ಕೆ ತಿರುಗಿ, ಕೆಳಕ್ಕೆ ಬಾಗಿ, ಹೊರಗಿನ ಗಿಣ್ಣು ನೆಲಕ್ಕೆ ಒತ್ತುತ್ತದೆ. ಹರಿದ ಲಿಗಮೆಂಟ್ ಎಳೆಯುವ ಭಂಗಿಯೇ ಅದು. ಶುರುವಿನಲ್ಲಿ ಕುರ್ಚಿ ಕೊಡಿ. ಕುಕ್ಕರುಗಾಲು ಇದಕ್ಕೆ ಉಲ್ಟಾ: ಪಾದ ಮೇಲಕ್ಕೆ ಪೂರ್ತಿ ಬಾಗಬೇಕು. ಭಾರತೀಯ ಶೈಲಿಯ ಶೌಚಾಲಯ ಬಳಸುವವರು ‘ಹಿಮ್ಮಡಿ ಊರಲು ಆಗ್ತಿಲ್ಲ’ ಅಂದರೆ ಅದೇ ನಿಮ್ಮ ಗುರಿ. ಅಳೆಯಲು ಗೋಡೆ ಸಾಕು. ಹಿಮ್ಮಡಿ ಎತ್ತದೆ ಮೊಣಕಾಲಿನಿಂದ ಗೋಡೆ ಮುಟ್ಟಿಸಿ, ಹೆಬ್ಬೆರಳು ಗೋಡೆಯಿಂದ ಎಷ್ಟು ದೂರ ಇದೆ ನೋಡಿ. ಸುಮಾರು 10 ಸೆಂ.ಮೀ. ಚೆನ್ನಾಗಿದೆ ಅನ್ನಬಹುದು. ಆದರೂ ಇನ್ನೊಂದು ಕಾಲಿನ ಅಳತೆಯೇ ನಿಜವಾದ ಗುರಿ.

ಬಲಕ್ಕೆ ಹಿಮ್ಮಡಿ ಎತ್ತುವುದು, ಮೊದಲು ಎರಡು ಕಾಲಲ್ಲಿ, ಆಮೇಲೆ ಒಂದರಲ್ಲಿ. ಕೆಳಗಾಲಿನ ಹೊರಬದಿಯ ಪೆರೋನಿಯಲ್ ಸ್ನಾಯುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಪಾದ ಹೊರಕ್ಕೆ ತಳ್ಳಿಸುವುದು. ಇಷ್ಟಕ್ಕೇ ನಿಲ್ಲಿಸಿದರೆ ನನ್ನ ಗತಿಯೇ. ಪಾದ ಮಗುಚಲು ಶುರುವಾದ ಮೇಲೆ ಸ್ನಾಯು ಎಚ್ಚೆತ್ತು ತಡೆಯುವಷ್ಟು ಹೊತ್ತು ಇರುವುದಿಲ್ಲ. ನೆಲ ಮುಟ್ಟುವ ಮೊದಲೇ ಅದು ಬಿಗಿಯಾಗಿರಬೇಕು. ಅದನ್ನು ಬ್ಯಾಂಡ್ ಕಲಿಸುವುದಿಲ್ಲ, ಬ್ಯಾಲೆನ್ಸ್ ಕಲಿಸುತ್ತದೆ. ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುವುದು, ಆಮೇಲೆ ಕಣ್ಣು ಮುಚ್ಚಿ, ಆಮೇಲೆ ದಿಂಬಿನ ಮೇಲೆ ನಿಂತು ಚೆಂಡು ಹಿಡಿಯುವುದು. ಕೊನೆಗೆ ಒಂಟಿ ಕಾಲಲ್ಲಿ ಹಾರುತ್ತಾ ಕುಂಟುವುದು: ಮುಂದಕ್ಕೆ, ಪಕ್ಕಕ್ಕೆ, ತಿರುಗಿ. ನಾನು ರೋಗಿಗಳಿಗೆ ‘ಹಾಪ್ ಡ್ರಿಲ್’ ಅನ್ನುವುದಿಲ್ಲ. ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆ ಮನೆ ಬರೆಯುತ್ತೇನೆ. ಐವತ್ತು ದಾಟಿದವರೂ ನಗುತ್ತಾ ಶುರು ಮಾಡುತ್ತಾರೆ, ಗೆರೆ ತುಳಿದರೆ ತಾವೇ ಔಟ್ ಅನ್ನುತ್ತಾರೆ.

ಆಟಕ್ಕೆ ಬಿಡುವುದನ್ನು ಕ್ಯಾಲೆಂಡರ್ ನೋಡಿ ತೀರ್ಮಾನಿಸಬೇಡಿ. ಗೋಡೆ ಅಳತೆ, ಒಂಟಿ ಕಾಲಿನ ಹಿಮ್ಮಡಿ ಎತ್ತುವ ಎಣಿಕೆ, ಕುಂಟುವ ದೂರ ಮೂರೂ ಇನ್ನೊಂದು ಕಾಲಿನ ಹತ್ತಿರ ಬರಬೇಕು. ಆಮೇಲೂ ಕೆಲವು ತಿಂಗಳು ಆಡುವಾಗ ಬ್ರೇಸ್ ಇರಲಿ. ಗೋಡೆ ಅಳತೆಯಲ್ಲಿ ನನ್ನ ಬಲಗಾಲು ಈಗ 9 ಸೆಂ.ಮೀ., ಎಡಗಾಲು 11. ಇವತ್ತಿಗೂ ಬಸ್ಸಿನಿಂದ ಇಳಿಯುವಾಗ ಎಡಗಾಲನ್ನೇ ಮೊದಲು ಇಡುತ್ತೇನೆ.