ಕಾಡಿಗೆ ಬೆಂಕಿ: ಮೆಸೇಜ್ ಬರುತ್ತದೆ, ಆಮೇಲೆ?

2019ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಡು ಸಾವಿರಾರು ಎಕರೆ ಸುಟ್ಟುಹೋಯಿತು. ಗೋಪಾಲಸ್ವಾಮಿ ಬೆಟ್ಟದ ಸುತ್ತ ಬೆಂಕಿ ಕೈಮೀರಿದಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿದವು. ಅದಕ್ಕೆ ಮುಂಚಿನ ತಿಂಗಳಷ್ಟೇ ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ತನ್ನ ಬೆಂಕಿ ಎಚ್ಚರಿಕೆ ವ್ಯವಸ್ಥೆಯ ಮೂರನೇ ಆವೃತ್ತಿ ಶುರು ಮಾಡಿತ್ತು. ಎಚ್ಚರಿಕೆ ಇದ್ದರೂ ಕಾಡು ಉರಿಯುವುದು ಯಾಕೆ?

ಬ್ರಿಟಿಷರ ಅರಣ್ಯ ಇಲಾಖೆಗೆ ಬೆಂಕಿ ಅಂದರೆ ಮರದ ದುಡ್ಡಿಗೆ ಬಿದ್ದ ಹೊಡೆತ. 1860ರ ದಶಕದಲ್ಲಿ ಮಧ್ಯ ಭಾರತದ ಬೋರಿ ಕಾಡಿನಲ್ಲಿ ಬೆಂಕಿ ತಡೆಯುವ ಕೆಲಸ ಆರಂಭವಾಯಿತು. ಬೆಂಕಿ ರೇಖೆ (ಬೆಂಕಿ ದಾಟದಂತೆ ಬೋಳು ಮಾಡಿದ ಪಟ್ಟಿ) ಮತ್ತು ಕಾವಲಿನ ಪದ್ಧತಿ ಇಲಾಖೆಯಲ್ಲಿ ಬೇರೂರಿತು. 1927ರ ಅರಣ್ಯ ಕಾಯ್ದೆಯ ಪ್ರಕಾರವೂ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ. ಆಗೆಲ್ಲ ಎಚ್ಚರಿಕೆ ಅಂದರೆ ಎತ್ತರದಲ್ಲಿ ಕೂತವನಿಗೆ ಕಂಡ ಹೊಗೆ, ಅಷ್ಟೇ.

2004ರಿಂದ ಆ ಕೆಲಸಕ್ಕೆ ಉಪಗ್ರಹ ಬಂತು. ನಾಸಾದ ಟೆರ್ರಾ, ಆಕ್ವಾ ಉಪಗ್ರಹಗಳಲ್ಲಿರುವ ಮೋಡಿಸ್ ಉಪಕರಣ ನೆಲದ ಶಾಖ ಅಳೆಯುತ್ತದೆ. ಸುತ್ತಲಿಗಿಂತ ಜಾಸ್ತಿ ಬಿಸಿಯಿರುವ ಚೌಕವನ್ನು ಗುರುತಿಸುತ್ತದೆ. ಒಂದೊಂದು ಚೌಕ ಸುಮಾರು ಒಂದು ಕಿಲೋಮೀಟರ್ ಅಗಲ. ಆಮೇಲೆ ಬಂದ ವಿಯರ್ಸ್ ಎಂಬ ಉಪಕರಣದಲ್ಲಿ ಅದು 375 ಮೀಟರಿಗೆ ಇಳಿಯಿತು. ಈಗ ಸರ್ವೇಕ್ಷಣಾ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿದರೆ ಯಾರ ಮೊಬೈಲಿಗಾದರೂ ಬೆಂಕಿಯ ಮೆಸೇಜ್ ಬರುತ್ತದೆ.

ಆದರೆ ಈ ಉಪಗ್ರಹಗಳು ಒಂದು ಜಾಗದ ಮೇಲೆ ಕೂತು ಕಾಯುವುದಿಲ್ಲ. ಟೆರ್ರಾ ಬಹಳ ವರ್ಷ ಬೆಳಿಗ್ಗೆ ಹತ್ತೂವರೆ ಸುಮಾರಿಗೆ ಹಾದುಹೋಗುತ್ತಿತ್ತು, ಆಕ್ವಾ ಮಧ್ಯಾಹ್ನ ಒಂದೂವರೆ ಸುಮಾರಿಗೆ. ಮತ್ತೆ ಬರುವುದು ರಾತ್ರಿ. ಮಧ್ಯಾಹ್ನ ಮೂರಕ್ಕೆ ಬಿದ್ದ ಬೆಂಕಿ ಅವುಗಳ ಕಣ್ಣಿಗೆ ಬೀಳುವ ಹೊತ್ತಿಗೆ ಕತ್ತಲಾಗಿರುತ್ತದೆ. ದಟ್ಟ ಮರಗಳ ಕೆಳಗೆ ಹರಿಯುವ ಸಣ್ಣ ಬೆಂಕಿಯಂತೂ ಎಷ್ಟೋ ಸಲ ಕಾಣುವುದೇ ಇಲ್ಲ. ಭಾರತದ ಇನ್‌ಸ್ಯಾಟ್-3ಡಿ ಸರಣಿಯ ಹವಾಮಾನ ಉಪಗ್ರಹಗಳು ಅರ್ಧ ಗಂಟೆಗೊಮ್ಮೆ ಚಿತ್ರ ಕಳಿಸುತ್ತವೆ, ನಿಜ. ಅವುಗಳ ಚೌಕ ಮಾತ್ರ ಸುಮಾರು ನಾಲ್ಕು ಕಿಲೋಮೀಟರ್! ಮೆಸೇಜ್ ಬಂದ ಮೇಲೂ ಗಾರ್ಡ್ ಮತ್ತು ಫೈರ್ ವಾಚರ್ ನಡೆದೇ ಹೋಗಬೇಕು, ಹಸಿ ಸೊಪ್ಪು ಹಿಡಿದು ಬಡಿಯಬೇಕು. ಈ ಕೆಲಸದಲ್ಲಿ ಕರ್ನಾಟಕದಲ್ಲೇ ಜೀವ ಕಳೆದುಕೊಂಡವರಿದ್ದಾರೆ.

ಇದನ್ನು ಮುನ್ನೆಚ್ಚರಿಕೆ ಅನ್ನುವುದೇ ಕಷ್ಟ, ಅಲ್ವಾ? ಬೆಂಕಿ ಬಿದ್ದಾಗಿದೆ. ನಿಜವಾದ ಮುನ್ಸೂಚನೆ ಬೇರೆ ಇದೆ. ಕೆನಡಾದವರು 1970ರಲ್ಲಿ ಅದಕ್ಕೊಂದು ಸೂಚ್ಯಂಕ ಮಾಡಿದರು. ಮಧ್ಯಾಹ್ನದ ಉಷ್ಣಾಂಶ, ತೇವ, ಗಾಳಿ, ಹಿಂದಿನ 24 ಗಂಟೆಯ ಮಳೆ ಸೇರಿಸಿ ತರಗೆಲೆ ಎಷ್ಟು ಒಣಗಿದೆ ಅಂತ ಲೆಕ್ಕ ಹಾಕುತ್ತಾರೆ.

ತರಗೆಲೆಯ ಲೆಕ್ಕ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹೊಸದಲ್ಲ. ಬೇಸಿಗೆ ಬಿರುಸಾಗುವ ಮುಂಚೆ ಅವರು ತರಗು ಬೆಂಕಿ ಹಾಕುತ್ತಿದ್ದರು. ಜ್ವಾಲೆ ಮೇಲೇಳುತ್ತಿರಲಿಲ್ಲ, ನೆಲದ ಎಲೆ ಮಾತ್ರ ಸುಡುತ್ತಿತ್ತು. ಅಲ್ಲಿ ವನ್ಯಧಾಮ ಆದದ್ದು 1974ರಲ್ಲಿ. ಬರಬರುತ್ತಾ ಈ ಪದ್ಧತಿ ನಿಂತಿತು. ಲಂಟಾನದ ಪೊದೆಯೂ, ನೆಲ್ಲಿ ಮರಕ್ಕೆ ಹತ್ತುವ ಉಪ್ಪಿಲು ಎಂಬ ಬಂದಳಿಕೆಯೂ ಆಮೇಲೇ ಹೆಚ್ಚಾದವು ಅನ್ನುತ್ತಾರೆ ಸೋಲಿಗರು. ಲಂಟಾನ ಹಬ್ಬುವುದಕ್ಕೆ ಬೇರೆ ಕಾರಣಗಳೂ ಇವೆ. ಆದರೆ ಅದು ಒಣಗಿ ನಿಂತ ಕಡೆ ಬೆಂಕಿ ನೆಲದಿಂದ ಮರಕ್ಕೆ ಏರುತ್ತದೆ. ಅಂಥ ಬೆಂಕಿಯನ್ನು ಸೊಪ್ಪಿನಿಂದ ಬಡಿಯಲು ಆಗುವುದಿಲ್ಲ.

ಇಲಾಖೆಯೂ ಪ್ರತಿ ವರ್ಷ ಬೆಂಕಿ ರೇಖೆ ಸುಡುತ್ತದೆ, ದಾರಿಯ ಅಂಚಿನಲ್ಲಿ. 2011ರಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಜೇನು, ನೆಲ್ಲಿ, ಪಾಚಿ ತರಬಹುದು. ತರಗು ಬೆಂಕಿಯ ವಿಷಯ ಇನ್ನೂ ಮಾತಿನಲ್ಲೇ ಇದೆ.