ಫೈಲಿನಲ್ಲಿ 7 ಅಂತ ಬರೆದಿದೆ

ರೋಗಿಯ ಕಂಪ್ಯೂಟರ್ ಫೈಲಿನಲ್ಲಿ ‘ಗ್ಲೂಕೋಸ್ 7’ ಅಂತ ಇದೆ ಅಂದುಕೊಳ್ಳಿ. ಅದು ಲೀಟರಿಗೆ 7 ಮಿಲಿಮೋಲ್ ಆಗಿದ್ದರೆ, ಇನ್ನೊಂದು ಅಳತೆಯಲ್ಲಿ ಡೆಸಿಲೀಟರಿಗೆ 126 ಮಿಲಿಗ್ರಾಂ. ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದಿದ್ದರೆ ಸಕ್ಕರೆ ಕಾಯಿಲೆ ಶುರುವಾಗುವ ಗೆರೆ ಅದೇ. ಊಟವಾಗಿ ಎರಡು ಗಂಟೆಯ ಮೇಲೆ ತೆಗೆದಿದ್ದರೆ ಸಾಮಾನ್ಯ. ಅಂಕಿ ಒಂದೇ, ಅರ್ಥ ಎರಡು. ಅಳತೆ, ಹೊತ್ತು, ಪರೀಕ್ಷೆಯ ಹೆಸರು ಕಳೆದುಹೋದರೆ ಆ 7 ಯಾರ ಕೆಲಸಕ್ಕೂ ಬರುವುದಿಲ್ಲ.

ಕಳೆದುಹೋಗುವುದು ಬಹಳ ಸುಲಭ. ಒಂದೊಂದು ಕಂಪನಿಯ ಸಾಫ್ಟ್‌ವೇರ್ ಇವನ್ನೆಲ್ಲ ತನ್ನದೇ ರೀತಿಯಲ್ಲಿ ಜೋಡಿಸಿಡುತ್ತದೆ. ಆಸ್ಪತ್ರೆ ಬದಲಾಯಿಸಿದರೆ ಎಷ್ಟೋ ಸಲ ರೋಗಿಯ ಕೈಗೆ ಸಿಗುವುದು ಬರೀ ಪಿಡಿಎಫ್. ಅದನ್ನು ನೋಡಿ ಇನ್ಯಾರೋ ಮತ್ತೆ ಟೈಪ್ ಮಾಡಬೇಕು. ತಪ್ಪು ನುಸುಳುವುದೇ ಅಲ್ಲಿ, ಅಲ್ವಾ?

ಓಪನ್ ಸೋರ್ಸ್ ಅಂದರೆ ಸಾಫ್ಟ್‌ವೇರಿನ ಕೋಡನ್ನು ಯಾರು ಬೇಕಾದರೂ ಓದುವಂತೆ ತೆರೆದಿಡುವುದು. ಅದರ ಮಹತ್ವ ನನಗೆ ಕಾಣುವುದು ಇಲ್ಲೇ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 1970ರ ದಶಕದ ಕೊನೆಯಲ್ಲಿ ಶುರುವಾದ ಕೆಲಸ ಮುಂದೆ ರೋಗಿಗಳ ದಾಖಲೆ ಇಡುವ ವಿಸ್ಟಾ ಎಂಬ ವ್ಯವಸ್ಥೆಯಾಯಿತು. ಸರ್ಕಾರದ ಕೆಲಸವಾದ್ದರಿಂದ ಅದರ ಕೋಡ್ ಸಾರ್ವಜನಿಕರಿಗೂ ಸಿಗುತ್ತದೆ. ಅದರೊಳಗೆ ತಾರೀಖು 3210405 ಅಂತ ಇರುತ್ತದೆ. ಸುಮ್ನೆ ನೋಡಿದರೆ ಏನೂ ತಿಳಿಯದು. ಕೋಡ್ ಓದಿದವರಿಗೆ ಗೊತ್ತು: ಮೊದಲ ಮೂರು ಅಂಕಿಗೆ 1700 ಸೇರಿಸಬೇಕು. 321ಕ್ಕೆ 1700 ಸೇರಿಸಿದರೆ 2021. ಉಳಿದದ್ದು ಏಪ್ರಿಲ್ 5. ಕೋಡ್ ತೆರೆದಿದ್ದರೆ, ಬರೆದವರು ನಿವೃತ್ತರಾದ ಮೇಲೂ ಹಳೆಯ ದಾಖಲೆ ಓದಬಹುದು.

ಈ ತಾರೀಖನ್ನು ಬೇಕೆಂದೇ ಆರಿಸಿದೆ. ರೋಗಿಯ ಮಾಹಿತಿಯನ್ನು ಕಾರಣವಿಲ್ಲದೆ ತಡೆಹಿಡಿಯಬಾರದು ಎಂಬ ನಿಯಮ ಅಮೆರಿಕದಲ್ಲಿ ಜಾರಿಗೆ ಬಂದದ್ದು ಅವತ್ತು. ಅದರ ಹಿಂದಿದ್ದದ್ದು 2016ರ ಕಾನೂನು. ಆ ನಿಯಮ ಕೋಡ್ ತೆರೆಯಿರಿ ಅನ್ನುವುದಿಲ್ಲ, ಮಾಹಿತಿ ಕೊಡಿ ಅನ್ನುತ್ತದೆ. ಇವೆರಡೂ ಬೇರೆ ಬೇರೆ. ಓಪನ್ ಸೋರ್ಸ್ ಬಳಸುವ ಆಸ್ಪತ್ರೆಯೂ ದಾಖಲೆಗೆ ಬೀಗ ಹಾಕಬಹುದು. ಕೋಡ್ ಮುಚ್ಚಿಟ್ಟ ಕಂಪನಿಯೂ ದಾಖಲೆಯನ್ನು ಸರಿಯಾಗಿ ಹೊರಗೆ ಕೊಡಬಹುದು. ಒಂದನ್ನೇ ಆರಿಸು ಅಂದರೆ ನಾನು ಮೊದಲು ಮಾಹಿತಿಯನ್ನೇ ಕೇಳುತ್ತೇನೆ.

ಹಾಗೆ ಮಾಹಿತಿ ಕೊಡಲು ಎಲ್ಲರೂ ಒಪ್ಪಿದ ಒಂದು ರೂಪ ಬೇಕು. 2011ರಲ್ಲಿ ಆಸ್ಟ್ರೇಲಿಯಾದ ಗ್ರಹಾಂ ಗ್ರೀವ್ ಶುರುಮಾಡಿದ ‘ಫೈರ್’ (FHIR) ಎಂಬ ಮಾನದಂಡ ಅಂಥದ್ದು. ಬಳಸಲು ದುಡ್ಡು ಕೊಡಬೇಕಿಲ್ಲ. ಅದರಲ್ಲಿ ನಮ್ಮ 7 ಒಂಟಿಯಾಗಿ ಹೋಗಬೇಕಿಲ್ಲ. ಅಳತೆ, ರಕ್ತ ತೆಗೆದ ಹೊತ್ತು, ಪರೀಕ್ಷೆಯನ್ನು ಗುರುತಿಸುವ ಲಾಯಿಂಕ್ ಸಂಖ್ಯೆ, ಎಲ್ಲಕ್ಕೂ ಅಲ್ಲಿ ಜಾಗ ಇದೆ.

ಕೋಡ್ ತೆರೆದರೆ ನಮ್ಮ ಫೈಲೂ ಊರಿಗೆಲ್ಲ ತೆರೆದಂತೆ ಅನ್ನುವ ಭಯ ಜಾಸ್ತಿ ಜನರಿಗಿದೆ. ಹಾಗಲ್ಲ. ಬೀಗ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದ ಮಾತ್ರಕ್ಕೆ ಕೀಲಿ ಕೈಗೆ ಬರುವುದಿಲ್ಲ. ಸಂಶೋಧನೆಗೆ ದಾಖಲೆ ಕೊಡುವಾಗಲಂತೂ ಇನ್ನೂ ಎಚ್ಚರ ಬೇಕು. ಬಾಸ್ಟನ್ನಿನ ಒಂದು ಆಸ್ಪತ್ರೆಯ ತೀವ್ರ ನಿಗಾ ಘಟಕದ ದಾಖಲೆಗಳಿಂದ ಮಾಡಿದ ‘ಮಿಮಿಕ್’ ಸಂಗ್ರಹವಿದೆ. ತರಬೇತಿ ಮುಗಿಸಿ ಒಪ್ಪಂದಕ್ಕೆ ಸಹಿ ಹಾಕಿದ ಸಂಶೋಧಕರಿಗೆ ಅದು ಉಚಿತ. ರೋಗಿಗಳ ಗುರುತು ಸಿಗದಿರಲಿ ಅಂತ ಅದರ 2016ರ ಆವೃತ್ತಿಯಲ್ಲಿ ಕೆಲವು ವಿವರಗಳನ್ನು ಬೇಕೆಂದೇ ಬದಲಾಯಿಸಿದ್ದಾರೆ. ಹೆಸರಿಲ್ಲ. 89 ದಾಟಿದವರ ವಯಸ್ಸು 300ರ ಮೇಲೆ ಕಾಣುತ್ತದೆ. ಆಸ್ಪತ್ರೆ ಸೇರಿದ ತಾರೀಖುಗಳೆಲ್ಲ 2100ರ ಆಚೆಗೆ ಸರಿದಿವೆ. ಆದರೆ ಒಬ್ಬ ರೋಗಿಯ ತಾರೀಖುಗಳೆಲ್ಲ ಸರಿದಿರುವುದು ಒಂದೇ ಅಳತೆಯಷ್ಟು. ಹಾಗಾಗಿ ರಕ್ತ ತೆಗೆದ ಹೊತ್ತಿನಿಂದ ಔಷಧಿ ಕೊಟ್ಟ ಹೊತ್ತಿಗೆ ಎಷ್ಟು ಗಂಟೆ ಅನ್ನುವ ಲೆಕ್ಕ ಮಾತ್ರ ಹಾಗೇ ಉಳಿದಿದೆ.