ಸೋತವರು ಮರುದಿನ ಎಲ್ಲಿಗೆ ಹೋಗುತ್ತಾರೆ?

ಮತದಾನ ಮುಗಿದ ಸಂಜೆ ಪ್ರಿಸೈಡಿಂಗ್ ಆಫೀಸರ್ ಒಂದು ಫಾರಂ ತುಂಬಬೇಕು. ಅದಕ್ಕೆ 17ಸಿ ಅಂತ ಹೆಸರು. ಬೂತಿನ ಮತದಾರರು ಎಷ್ಟು, ರಿಜಿಸ್ಟರಿಗೆ ಸಹಿ ಹಾಕಿದವರು ಎಷ್ಟು, ಯಂತ್ರದಲ್ಲಿ ಬಿದ್ದ ಮತ ಎಷ್ಟು, ಯಂತ್ರದ ನಂಬರು ಯಾವುದು, ಎಲ್ಲ ಅದರಲ್ಲಿ ಬರುತ್ತದೆ. ಸಹಿ ಮಾಡಿ, ಅಲ್ಲಿರುವ ಅಭ್ಯರ್ಥಿಗಳ ಏಜೆಂಟರಿಗೆಲ್ಲ ಒಂದೊಂದು ಪ್ರತಿ ಕೊಡಬೇಕು.

ಒಮ್ಮೆ ತೀರ್ಥಹಳ್ಳಿ ತಾಲ್ಲೂಕಿನ ಘಟ್ಟದಂಚಿನ ಒಂದು ಶಾಲೆಯಲ್ಲಿ ನನಗೆ ಡ್ಯೂಟಿ ಬಿದ್ದಿತ್ತು. ಮೇ ತಿಂಗಳು. ಮತದಾನ ಮುಗಿಯುವ ಹೊತ್ತಿಗೆ ಗುಡುಗು ಮಳೆ ಶುರುವಾಗಿ ಕರೆಂಟ್ ಹೋಯಿತು. ಅಲ್ಲೊಬ್ಬ ಏಜೆಂಟ್ ಇದ್ದ, ಇಪ್ಪತ್ತೈದರ ಹುಡುಗ. ಅವನ ಅಭ್ಯರ್ಥಿಗೆ ಆ ಊರಲ್ಲಿ ಹತ್ತು ಮತ ಬಿದ್ದರೆ ಜಾಸ್ತಿ. ಅದು ಅವನಿಗೂ ಗೊತ್ತಿತ್ತು. ಆದರೂ ಬೆಳಿಗ್ಗೆ ಯಂತ್ರ ಪರೀಕ್ಷಿಸುವ ಐವತ್ತು ಮತದ ಮಾಕ್ ಪೋಲ್‌ಗೆ ಎಲ್ಲರಿಗಿಂತ ಮೊದಲು ಬಂದು ಕೂತಿದ್ದ. ಈಗ ಮೊಬೈಲಿನ ಬೆಳಕು ಹಿಡಿದು 17ಸಿಯ ಒಂದೊಂದು ಅಂಕಿಯನ್ನೂ ತನ್ನ ನೋಟ್‌ಬುಕ್ಕಿನ ಲೆಕ್ಕಕ್ಕೆ ಹೊಂದಿಸಿ ನೋಡಿದ. ಯಂತ್ರದ ನಂಬರನ್ನು ಎರಡು ಸಲ ಓದಿದ. ಆಮೇಲೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಪ್ಲಾಸ್ಟಿಕ್ ಕವರಿನೊಳಗಿಟ್ಟು, ಅಂಗಿ ಜೇಬಿಗೆ ಹಾಕಿಕೊಂಡು ಮಳೆಯಲ್ಲೇ ಬೈಕ್ ಹತ್ತಿ ಹೋದ.

ಆ ಹುಡುಗನೇ ನನ್ನ ಅಧ್ಯಯನದ ವಿಷಯ ಅನ್ನಬಹುದು. ನಾನು ಶಿವಮೊಗ್ಗದಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವನು. ಜಗಳ, ಬಂಡಾಯ, ಅಂತರ್ಯುದ್ಧ ಮುಗಿದ ಜಾಗದಲ್ಲಿ ಚುನಾವಣೆ ಹೇಗೆ ನಡೆಯುತ್ತದೆ, ಅದರಿಂದ ಶಾಂತಿ ನಿಲ್ಲುತ್ತದಾ ಮುರಿಯುತ್ತದಾ ಅನ್ನುವುದರ ಹಿಂದೆ ಇಷ್ಟು ವರ್ಷ ಕಳೆದಿದ್ದೇನೆ. 'ಅಂಗೋಲಾಕ್ಕೂ ನಿಮಗೂ ಏನು ಸಂಬಂಧ ಸರ್' ಅಂತ ಕೇಳುವವರು ಬಹಳ. ಎಂ.ಎ. ಮಕ್ಕಳಂತೂ ಪ್ರತಿ ವರ್ಷ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯುದ್ಧ ನಿಂತ ದೇಶದಲ್ಲಿ ಎಲ್ಲರಿಗೂ ಚುನಾವಣೆಯ ಅವಸರ. ಹೊರಗಿನ ದೇಶಗಳಿಗೆ ಬೇಗ ಮುಗಿಸಿ ಹೊರಡಬೇಕು. ಜನರಿಗೂ ಹೊಸ ಸರ್ಕಾರ ಬೇಕು. ಆದರೆ ಚುನಾವಣೆ ಅಂದರೆ ಒಬ್ಬ ಸೋಲಲೇಬೇಕು, ಅಲ್ವಾ? ಸೋತವನು ಮರುದಿನ ಬೆಳಿಗ್ಗೆ ಎಲ್ಲಿಗೆ ಹೋಗುತ್ತಾನೆ? ಯಾವ ದೇಶದ ಬಗ್ಗೆ ಓದಲು ಕೂತರೂ ನಾನು ಮೊದಲು ಹುಡುಕುವುದು ಇದಕ್ಕೆ ಉತ್ತರ.

ಆಫ್ರಿಕಾದ ಅಂಗೋಲಾದಲ್ಲಿ ಸೋತವನು ಕಾಡಿಗೆ ಹೋದ. 1975ರಲ್ಲಿ ಸ್ವಾತಂತ್ರ್ಯ ಬಂದಾಗಿನಿಂದ ಅಲ್ಲಿ ಅಂತರ್ಯುದ್ಧ. 1991ರಲ್ಲಿ ಒಪ್ಪಂದವಾಗಿ 1992ರ ಸೆಪ್ಟೆಂಬರ್ 29 ಮತ್ತು 30ರಂದು ಮತದಾನ ನಡೆಯಿತು. ಜನ ಶಾಂತವಾಗಿ ಸಾಲಿನಲ್ಲಿ ನಿಂತು ಮತ ಹಾಕಿದರು. ಅಧ್ಯಕ್ಷ ದೊಸ್ ಸಾಂತೋಸ್‌ಗೆ ಶೇ. 49.57 ಮತ, ಬಂಡಾಯದ ನಾಯಕ ಸವಿಂಬಿಗೆ ಸುಮಾರು ಶೇ. 40. ಅರ್ಧ ದಾಟದ ಕಾರಣ ಎರಡನೇ ಸುತ್ತು ಆಗಬೇಕಿತ್ತು. ಸವಿಂಬಿ ಮೋಸವಾಗಿದೆ ಎಂದ. ಕೆಲವೇ ವಾರಗಳಲ್ಲಿ ಮತ್ತೆ ಯುದ್ಧ. 2002ರ ಫೆಬ್ರವರಿಯಲ್ಲಿ ಅವನು ಸತ್ತ ಮೇಲೇ ಅದು ನಿಂತದ್ದು. ಚುನಾವಣೆಗೆ ಮೊದಲೇ ಎರಡೂ ಕಡೆಯ ಸೈನ್ಯ ಕರಗಿ ಒಂದೇ ಸೈನ್ಯ ಆಗಬೇಕು ಅಂತ ಒಪ್ಪಂದದಲ್ಲಿತ್ತು. ಆ ಕೆಲಸ ಮುಗಿಯುವ ಮೊದಲೇ ಮತದಾನ ಮಾಡಿಸಿದರು. ಸೋತವನ ಹಿಂದೆ ಸೈನ್ಯ ಹಾಗೇ ಉಳಿದಿತ್ತು.

ಆಫ್ರಿಕಾದ ಆಚೆ ಕರಾವಳಿಯ ಮೊಜಾಂಬಿಕ್ ಇದನ್ನು ನೋಡಿ ಕಲಿಯಿತು. ಅಲ್ಲಿ 1992ರ ಅಕ್ಟೋಬರಿನಲ್ಲಿ ಶಾಂತಿ ಒಪ್ಪಂದ. 1993ಕ್ಕೆ ಆಗಬೇಕಿದ್ದ ಚುನಾವಣೆಯನ್ನು ಮುಂದೂಡಿ ಮೊದಲು ಸೈನಿಕರನ್ನು ಮನೆಗೆ ಕಳಿಸಿದರು. ಬಂಡಾಯದ ರೆನಾಮೊ ಸಂಘಟನೆ ಪಕ್ಷವಾಗಿ ನಿಲ್ಲಲಿ ಅಂತ ಹೊರದೇಶಗಳ ಹಣದಿಂದ ಒಂದು ನಿಧಿಯನ್ನೇ ಮಾಡಿದರು. 1994ರಲ್ಲಿ ರೆನಾಮೊ ಸೋತಿತು. ಆದರೆ 250 ಸ್ಥಾನಗಳ ಸಂಸತ್ತಿನಲ್ಲಿ ಅದಕ್ಕೆ 112 ಸ್ಥಾನ ಸಿಕ್ಕಿತು. ಸೋತವರು ಹೋಗಿ ಕೂರಲು ಕುರ್ಚಿ ಇತ್ತು. ಹತ್ತೊಂಬತ್ತು ವರ್ಷದ ನಂತರ ಅಲ್ಲೂ ಗುಂಡಿನ ಸದ್ದು ಮತ್ತೆ ಕೇಳಿತು, 2019ರಲ್ಲಿ ಇನ್ನೊಂದು ಒಪ್ಪಂದ ಮಾಡಬೇಕಾಯಿತು. ಅದನ್ನು ನಾನು ಮಕ್ಕಳಿಂದ ಮುಚ್ಚಿಡುವುದಿಲ್ಲ. ಆದರೂ ಆ ಹತ್ತೊಂಬತ್ತು ವರ್ಷದಲ್ಲಿ ಒಂದು ತಲೆಮಾರು ಶಾಲೆಗೆ ಹೋಗಿ ಬೆಳೆಯಿತು.

ನನ್ನ ಮನಸ್ಸಿಗೆ ಹತ್ತಿರವಾದದ್ದು ನೇಪಾಳ. 1996ರಿಂದ 2006ರವರೆಗೆ ಮಾವೋವಾದಿಗಳ ಯುದ್ಧ. 2006ರ ನವೆಂಬರಿನಲ್ಲಿ ಒಪ್ಪಂದ. ಹೋರಾಟಗಾರರು ಶಿಬಿರಗಳಿಗೆ ಬಂದರು. ವಿಶ್ವಸಂಸ್ಥೆಯವರು ಒಬ್ಬೊಬ್ಬರನ್ನೇ ವಿಚಾರಿಸಿ ಕೊನೆಗೆ 19,602 ಜನರ ಪಟ್ಟಿ ಮಾಡಿದರು. 3,475 ಆಯುಧಗಳು ದಾಖಲಾದವು. ಅವನ್ನು ಕಬ್ಬಿಣದ ಕಂಟೇನರುಗಳಲ್ಲಿಟ್ಟು ಬೀಗ ಹಾಕಿದರು. ಕೀಲಿಕೈ ಯಾರ ಹತ್ತಿರ ಗೊತ್ತಾ? ಮಾವೋವಾದಿಗಳ ಹತ್ತಿರವೇ. ವಿಶ್ವಸಂಸ್ಥೆಯವರು ಹಗಲು ರಾತ್ರಿ ಕಾವಲು ಕೂತರು, ಕ್ಯಾಮೆರಾ ಇಟ್ಟರು, ಬಾಗಿಲು ತೆಗೆದರೆ ಕೂಗುವ ಅಲಾರಂ ಇಟ್ಟರು.

ಚಿತ್ವನ್ ಜಿಲ್ಲೆಯ ಶಕ್ತಿಖೋರ್ ಶಿಬಿರದ ಬೇಲಿಯಾಚೆ ನಿಂತು ಅಂಥ ಕಂಟೇನರುಗಳನ್ನು ನೋಡಿದ್ದೇನೆ. ನಮ್ಮಲ್ಲಿ ಜಲ್ಲಿ ಕ್ರಷರಿನವರು ಸಾಮಾನು ತುಂಬಿಡುತ್ತಾರಲ್ಲ, ಅಂಥ ಸಾಧಾರಣ ಪೆಟ್ಟಿಗೆ. ನನ್ನ ಜೊತೆಗಿದ್ದ ಶಾಲಾ ಮೇಷ್ಟ್ರು ಹೇಳಿದ್ದು ಈಗಲೂ ನೆನಪಿದೆ. 'ಕೀಲಿಕೈ ಕಿತ್ತುಕೊಂಡಿದ್ದರೆ ಅವರು ಸೋತ ಹಾಗೆ ಆಗುತ್ತಿತ್ತು. ಕೀಲಿಕೈ ಅವರ ಹತ್ತಿರ ಇರುವುದಕ್ಕೇ ಅವರು ಒಳಗೆ ಕೂತಿದ್ದಾರೆ.' ನಾನು ಅದುವರೆಗೆ ಓದಿದ್ದ ಎಷ್ಟೋ ಪ್ರಬಂಧಗಳಲ್ಲಿ ಈ ಮಾತು ಇಷ್ಟು ಸಲೀಸಾಗಿ ಬಂದಿರಲಿಲ್ಲ.

ಎರಡು ಸಲ ಮುಂದೆ ಹೋದ ಚುನಾವಣೆ 2008ರ ಏಪ್ರಿಲ್ 10ರಂದು ನಡೆಯಿತು. 601 ಸದಸ್ಯರ ಸಂವಿಧಾನ ಸಭೆಯಲ್ಲಿ ಮಾವೋವಾದಿಗಳೇ ದೊಡ್ಡ ಪಕ್ಷವಾದರು. ನಿಜವಾದ ಪರೀಕ್ಷೆ ಬಂದದ್ದು 2013ರ ನವೆಂಬರಿನಲ್ಲಿ, ಎರಡನೇ ಚುನಾವಣೆಯಲ್ಲಿ. ಅವರು ಮೂರನೇ ಸ್ಥಾನಕ್ಕೆ ಕುಸಿದರು. ಮೋಸ ಅಂದರು, ಎಣಿಕೆ ನಿಲ್ಲಿಸಿ ಅಂದರು. ಆದರೆ ಅಷ್ಟರಲ್ಲಿ ಶಿಬಿರಗಳು ಮುಚ್ಚಿದ್ದವು. ಹೋರಾಟಗಾರರಲ್ಲಿ ಸುಮಾರು 1,400 ಜನ ನೇಪಾಳದ ಸೈನ್ಯಕ್ಕೆ ಸೇರಿದ್ದರು, ಉಳಿದವರಲ್ಲಿ ಹೆಚ್ಚಿನವರು ಹಣ ತೆಗೆದುಕೊಂಡು ಊರಿಗೆ ಹೋಗಿದ್ದರು. ಕೋಪ ಇಳಿದ ಮೇಲೆ ನಾಯಕರು ಸಭೆಗೆ ಬಂದು ಕೂತರು. 2015ರ ಸೆಪ್ಟೆಂಬರಿನಲ್ಲಿ ಸಂವಿಧಾನ ಬಂತು. ಅಂಗೋಲಾದಲ್ಲಿ ಸೈನ್ಯ ಇಟ್ಟುಕೊಂಡು ಸೋತರು, ಇಲ್ಲಿ ಸೈನ್ಯ ಕರಗಿದ ಮೇಲೆ ಸೋತರು. ವ್ಯತ್ಯಾಸ ಅಲ್ಲಿದೆ.

ಲೈಬೀರಿಯಾದ್ದು ಬೇರೆಯೇ ಕಥೆ, ನೋವಿನ ಕಥೆ. 1997ರಲ್ಲಿ ಅಲ್ಲಿನ ಜನ ಯುದ್ಧ ಶುರುಮಾಡಿದ ಚಾರ್ಲ್ಸ್ ಟೇಲರ್‌ಗೇ ಶೇ. 75ರಷ್ಟು ಮತ ಕೊಟ್ಟರು. 'ನನ್ನ ಅಮ್ಮನನ್ನು ಕೊಂದ, ಅಪ್ಪನನ್ನು ಕೊಂದ, ಆದರೂ ಅವನಿಗೇ ಮತ' ಅಂತ ಬೀದಿಯಲ್ಲಿ ಹಾಡುತ್ತಿದ್ದರು. ಮತ ಗುಟ್ಟಾಗಿಯೇ ಇತ್ತು. ಆದರೆ ಅವನು ಸೋತರೆ ಮತ್ತೆ ಬಂದೂಕು ಹಿಡಿಯುತ್ತಾನೆ ಅನ್ನುವ ಭಯಕ್ಕೆ ಗುಟ್ಟಿನ ಮತದಿಂದ ಏನೂ ಪ್ರಯೋಜನ ಆಗಲಿಲ್ಲ. ಅವನು ಗೆದ್ದ ಮೇಲೂ ಯುದ್ಧ ತಪ್ಪಲಿಲ್ಲ, 1999ರಲ್ಲಿ ಮತ್ತೆ ಶುರುವಾಯಿತು.

ಇಷ್ಟು ಹೇಳುವಾಗ ನಾನು ಬೇಕೆಂದೇ ಮಲೆನಾಡಿಗೆ ಬರುತ್ತೇನೆ. ನಮ್ಮ ಮನೆಯ ಅಟ್ಟದಲ್ಲಿ ಒಂದು ಹಳೇ ಕೊಳಗ ಇದೆ. ಅಜ್ಜ ಗೇಣಿ ಒಕ್ಕಲು. ಭತ್ತ ಅಳೆಯುವ ದಿನ ಒಡೆಯರ ಮನೆಯಿಂದ ಬರುತ್ತಿದ್ದ ಕೊಳಗ ದೊಡ್ಡದು, ನಮ್ಮದು ಚಿಕ್ಕದು. ವರ್ಷದ ದುಡಿತವೆಲ್ಲ ಆ ಎರಡು ಕೊಳಗದ ನಡುವಿನ ವ್ಯತ್ಯಾಸದಲ್ಲಿ ಸೋರಿಹೋಗುತ್ತಿತ್ತು. 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ಇದೇ ಅಳತೆಯ ತಕರಾರು ಸತ್ಯಾಗ್ರಹವಾಯಿತು. ಎಚ್. ಗಣಪತಿಯಪ್ಪನವರು ಒಕ್ಕಲುಗಳನ್ನು ಕಟ್ಟಿ ನಿಲ್ಲಿಸಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಗದ್ದೆಯಲ್ಲಿ ಒಕ್ಕಲುಗಳಿಗೆ ಆಗಲೇ ಗೆಲುವೇನೂ ಸಿಗಲಿಲ್ಲ. ಆದರೆ ಮರುವರ್ಷವೇ ಮೊದಲ ಚುನಾವಣೆ. ಸಾಗರ-ಹೊಸನಗರದಿಂದ ಅದೇ ಹೋರಾಟದ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು.

ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಬೇರೆ ಪೆಟ್ಟಿಗೆ. ಮರೆಯೊಳಗೆ ಹೋಗಿ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರಬೇಕು. ಅಜ್ಜ ಹೇಳುತ್ತಿದ್ದರು, ಒಡೆಯರ ಕಣ್ಣಿಗೆ ಬೀಳದೆ ತಾನು ಮಾಡಿದ ಮೊದಲ ಕೆಲಸ ಅದು ಅಂತ. 1957ರ ವಿಧಾನಸಭೆಯಲ್ಲಿ ಗೋಪಾಲಗೌಡರು ಇರಲಿಲ್ಲ. 1962ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಬಂದರು. ಭೂಮಾಲೀಕರೂ ಅಷ್ಟೇ, ಒಮ್ಮೆ ಸೋತರು, ಇನ್ನೊಮ್ಮೆ ನಿಂತರು. ಯಾರೂ ಊರು ಬಿಡಬೇಕಾಗಲಿಲ್ಲ. 1974ರ ಭೂಸುಧಾರಣೆ ಬಂದಾಗ ಉಳುವ ಭೂಮಿ ತನಗೆ ಬರಲಿ ಅಂತ ಅಜ್ಜ ಫಾರಂ ನಂಬರ್ 7 ತುಂಬಿ ಕೊಟ್ಟರು. ಕೊಳಗ ಅಟ್ಟ ಸೇರಿತು.

ಇದೇ ನೆಲದಲ್ಲಿ ನಕ್ಸಲರ ಬಂದೂಕೂ ಬಂತು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿನವರಿಗೆ ಒಕ್ಕಲೆಬ್ಬಿಸುವ ಭಯ ಹತ್ತಿದ ಕಾಲ. 2003ರ ನವೆಂಬರಿನಲ್ಲಿ ಕಾರ್ಕಳದ ಕಡೆಯ ಈದುವಿನಲ್ಲಿ ಎನ್‌ಕೌಂಟರ್, 2005ರ ಫೆಬ್ರವರಿಯಲ್ಲಿ ಅವರ ನಾಯಕ ಸಾಕೇತ್ ರಾಜನ್ ಸಾವು. 2014ರಲ್ಲಿ ಸಿರಿಮನೆ ನಾಗರಾಜ್, ನೂರ್ ಶ್ರೀಧರ್ ಮುಖ್ಯವಾಹಿನಿಗೆ ಬಂದರು. 2024ರ ನವೆಂಬರಿನಲ್ಲಿ ಹೆಬ್ರಿ ಬಳಿ ವಿಕ್ರಂ ಗೌಡ ಹತನಾದ. 2025ರ ಜನವರಿ 8ರಂದು ಆರು ಜನ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಮುಂದೆ ಶರಣಾದರು.

ಸಂಘರ್ಷ ಅಧ್ಯಯನದಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದವರ ಒಂದು ಅಳತೆ ಎಲ್ಲ ಕಡೆ ಬಳಕೆಯಲ್ಲಿದೆ. ವರ್ಷಕ್ಕೆ ಕಾಳಗದಲ್ಲಿ 25 ಸಾವಾದರೆ ಸಶಸ್ತ್ರ ಸಂಘರ್ಷ, 1,000 ಆದರೆ ಯುದ್ಧ. ಲೆಕ್ಕ ಇಡಲು ಎಲ್ಲೋ ಒಂದು ಗೆರೆ ಬೇಕು, ಒಪ್ಪುತ್ತೇನೆ. ಆದರೆ ಕತ್ತಲಾದ ಮೇಲೆ ನಾಯಿ ಬೊಗಳಿದರೆ 'ಕಾಡಿನವರಾ, ಪೊಲೀಸರಾ' ಅಂತ ದೀಪ ಆರಿಸಿ ಕೂರುತ್ತಿದ್ದ ಮನೆಗಳು ಆ ಗೆರೆಯ ಕೆಳಗೇ ಉಳಿದುಬಿಡುತ್ತವೆ. ಇದು ನನಗೆ ಸಮಾಧಾನ ಕೊಟ್ಟಿಲ್ಲ.

ಅಂಥ ಒಂದು ಊರಿಗೆ ಮೊದಲ ಸಲ ಹೋದಾಗ ನಾನು ದೊಡ್ಡ ತಪ್ಪು ಮಾಡಿದೆ. ಬಸ್ಸು ತಪ್ಪಿತ್ತು. ದಾರಿಯಲ್ಲಿ ಸಿಕ್ಕ ಪೊಲೀಸ್ ಜೀಪ್ ಹತ್ತಿ ಹೋದೆ. ಮೂರು ದಿನ ಇದ್ದರೂ ಒಬ್ಬರೂ ಬಾಯಿ ಬಿಡಲಿಲ್ಲ. ಬೆಲ್ಲ ನೀರು ಕೊಟ್ಟರು, ಕವಳ ಕೊಟ್ಟರು, ಅಡಿಕೆ ಕೊಳೆ ರೋಗದ ಬಗ್ಗೆ ಎಷ್ಟು ಬೇಕಾದರೂ ಮಾತಾಡಿದರು. ಎಂಟು ತಿಂಗಳು ಬಿಟ್ಟು ನಡೆದುಕೊಂಡು ಹೋದೆ. ಆಗ ಒಬ್ಬ ಅಮ್ಮ ಕೇಳಿದರು, 'ಈ ಸಲ ಯಾರ ಕಡೆಯಿಂದ?' ಆ ಪ್ರಶ್ನೆಗೆ ನಿಜವಾದ ಉತ್ತರ ಕೊಡಲು ಬರದವರು ಈ ಕೆಲಸಕ್ಕೆ ಇಳಿಯಬಾರದು. ಅಂದಿನಿಂದ ಮೊದಲ ದಿನ ರೆಕಾರ್ಡರ್ ತೆಗೆಯುವುದಿಲ್ಲ. ಹೆಸರು ಬರೆದುಕೊಳ್ಳುವುದಿಲ್ಲ. ಮನೆ ಯಾವ ದಿಕ್ಕಿಗಿದೆ ಅನ್ನುವುದನ್ನೂ ಬರೆಯುವುದಿಲ್ಲ.

ಹೋದ ವರ್ಷ ಒಬ್ಬ ವಿದ್ಯಾರ್ಥಿನಿ ಕೇಳಿದಳು, 'ಸರ್, ಶರಣಾದವರು ಚುನಾವಣೆಗೆ ನಿಲ್ಲಬಹುದಾ?' ಒಳ್ಳೆಯ ಪ್ರಶ್ನೆ. ವಿಚಾರಣೆ ನಡೆಯುತ್ತಿರುವಾಗ ನಿಲ್ಲಬಹುದು, ಜೈಲಿನಿಂದಲೂ ನಿಲ್ಲಬಹುದು. ಆದರೆ ಜನಪ್ರತಿನಿಧಿ ಕಾಯ್ದೆಯ 62(5)ನೇ ಕಲಮಿನ ಪ್ರಕಾರ ಜೈಲಿನಲ್ಲಿದ್ದವರು ಮತ ಹಾಕುವ ಹಾಗಿಲ್ಲ. ತನಗೆ ತಾನೇ ಮತ ಹಾಕಲಾಗದ ಅಭ್ಯರ್ಥಿ. ಎರಡು ವರ್ಷ ಅಥವಾ ಜಾಸ್ತಿ ಶಿಕ್ಷೆಯಾದರೆ, ಬಿಡುಗಡೆಯಾದ ಮೇಲೂ ಆರು ವರ್ಷ ಸ್ಪರ್ಧಿಸುವಂತಿಲ್ಲ. ಮಿಜೋರಾಂ ನೋಡಿ. 1986ರ ಜೂನ್ 30ರ ಒಪ್ಪಂದವಾದ ಮೇಲೆ ಬಂಡಾಯದ ನಾಯಕ ಲಾಲ್‌ಡೆಂಗಾ ಮುಖ್ಯಮಂತ್ರಿಯೇ ಆದರು. 1989ರಲ್ಲಿ ಅವರ ಪಕ್ಷ ಸೋತಿತು, ಕಾಡಿಗೆ ಹೋಗಲಿಲ್ಲ, ವಿರೋಧ ಪಕ್ಷದಲ್ಲಿ ಕೂತಿತು, 1998ರಲ್ಲಿ ಮತ್ತೆ ಗೆದ್ದಿತು. ಅವರಿಗೆ ತೆರೆದ ಬಾಗಿಲು ನಮ್ಮ ಘಟ್ಟದವರಿಗೆ ಎಷ್ಟು ತೆರೆಯುತ್ತದೆ ಅನ್ನುವುದು ಈಗ ನ್ಯಾಯಾಲಯದ ದಿನಾಂಕಗಳ ಮೇಲೆ, ಅರಣ್ಯ ಹಕ್ಕಿನ ಅರ್ಜಿಗಳ ಮೇಲೆ ನಿಂತಿದೆ.

ಆ ಹುಡುಗಿ ಸಂಶೋಧನೆಗೆ ಸೇರುತ್ತೇನೆ ಅಂದಿದ್ದಾಳೆ. ಊರು ಕೊಪ್ಪದ ಕಡೆ. ಮನೆಯವರಿಗೆ ಇದರಲ್ಲಿ ಕೆಲಸ ಸಿಗುತ್ತದಾ ಅನ್ನುವ ಚಿಂತೆ. ಬೇಗ ಸಿಗುವುದಿಲ್ಲ, ಸಿಗುವವರೆಗೆ ಅತಿಥಿ ಉಪನ್ಯಾಸಕಿಯಾಗಿ ವರ್ಷಗಟ್ಟಲೆ ಕಾಯಬೇಕಾಗಬಹುದು ಅಂತ ಸುಳ್ಳು ಹೇಳದೆ ಹೇಳಿದ್ದೇನೆ. ವಿಷಯ ಏನು ಅಂದೆ. ತನ್ನ ತಾಲ್ಲೂಕಿನ ಗ್ರಾಮ ಪಂಚಾಯ್ತಿಗಳಲ್ಲಿ ಸೋತ ಅಭ್ಯರ್ಥಿಗಳನ್ನು ಮಾತಾಡಿಸುತ್ತಾಳಂತೆ, ಅವರು ಮತ್ತೆ ಗ್ರಾಮಸಭೆಗೆ ಬರುತ್ತಾರಾ ಇಲ್ಲವಾ ಅಂತ ನೋಡುತ್ತಾಳಂತೆ. ಮೊದಲ ಪಟ್ಟಿಯಲ್ಲಿ ಹನ್ನೊಂದು ಮನೆಗಳಿವೆ. ನಾಲ್ಕು ಮನೆಗೆ ಮಳೆಗಾಲದಲ್ಲಿ ಸಂಕ, ಅಂದರೆ ಹಳ್ಳದ ಕಾಲುಸೇತುವೆ, ದಾಟಿ ಹೋಗಬೇಕು. ಮಳೆ ಇಳಿಯಲಿ, ನವರಾತ್ರಿ ಕಳೆದ ಮೇಲೆ ಹೋಗೋಣ, ನಾನೂ ಬರುತ್ತೇನೆ ಅಂದಿದ್ದೇನೆ.